ಹ್ಯಾರಿಯನ್ನು ಕನ್ನಡದಲ್ಲಿ ಕಳಿಸಿಕೊಟ್ಟೆ

ನಿನ್ನೆ ರಾತ್ರಿ ಎಂಟನೇ ಸಿನಿಮಾ ಮುಗಿಯಿತು. ಅಕ್ಕನ ಮಗಳಿಗೆ ಹ್ಯಾರಿ ಪಾಟರ್ ತೋರಿಸೋಕೆ ಶುರು ಮಾಡಿ ಎರಡು ತಿಂಗಳಾಗಿತ್ತು, ಭಾನುವಾರಕ್ಕೆ ಒಂದರಂತೆ. ಇವಳಿಗೆ ಪೂರ್ತಿ ತೋರಿಸಿದ ಮೇಲೆ ನಾನು ಮತ್ತೆ ನೋಡಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಹೊಸ ಮಕ್ಕಳನ್ನು ಇಟ್ಟುಕೊಂಡು ಅದೇ ಕಥೆಯನ್ನು ಧಾರಾವಾಹಿ ಮಾಡುತ್ತಿದ್ದಾರೆ. ಅದು ಇವಳ ಕಾಲದ್ದು. ನನ್ನ ಹ್ಯಾರಿ 2001ರಿಂದ 2011ರವರೆಗೆ ಪರದೆ ಮೇಲೆ ಬೆಳೆದವನು, ನಾನೂ ಅವನ ಹಿಂದೆಯೇ ಬೆಳೆದವನು. ಅವನನ್ನು ಒಂದು ಸಲ ನೆಟ್ಟಗೆ ಕಳಿಸಿಕೊಡಬೇಕಿತ್ತು.

ಎಂಟೂ ವಾರ ನನಗೆ ಒಂದೇ ಸಂಕಟ. ಸಿನಿಮಾ ಹಾಕುವ ಮೊದಲು ಭಾಷೆಯ ಪಟ್ಟಿ ತೆಗೆಯುತ್ತೇನೆ. ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಅಷ್ಟೇ. ಮೊದಲನೇ ವಾರ ಅವಳು ಕೇಳಿದಳು, ‘ಮಾಮ, ನಮ್ದು ಎಲ್ಲಿ?’ ಇಲ್ಲ ಅಂತ ಗೊತ್ತಿದ್ದೂ ಪಟ್ಟಿಯನ್ನು ಇನ್ನೊಂದು ಸಲ ಕೆಳಗೆ ಎಳೆದೆ.

ನಮ್ಮ ಕೋಲಾರದವರಿಗೆ ಇದು ಹೊಸದಲ್ಲ. ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂನಲ್ಲಿ. ಹ್ಯಾರಿಯನ್ನು ಮೊದಲು ನೋಡಿದ್ದು ಶ್ರೀನಿವಾಸಪುರದಲ್ಲಿ, ಚಿಕ್ಕಮ್ಮನ ಮನೆಯಲ್ಲಿ, ಬಾಡಿಗೆಗೆ ತಂದ ಸಿಡಿಯಲ್ಲಿ. ಡ್ರ್ಯಾಗನ್ ಅವನನ್ನು ಅಟ್ಟಿಸಿಕೊಂಡು ಬರುವ ಭಾಗ. ಅವನ ಬಾಯಲ್ಲಿ ತೆಲುಗು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗುತ್ತಿದ್ದ, ಯಾರಿಗೂ ಬೇಡವಾದ ಹುಡುಗ ಇವನು ಅಂತ ಆಮೇಲೆ ಗೊತ್ತಾಯಿತು. ಅವತ್ತಿನಿಂದ ಅವನು ನನ್ನವನಾದ. ಆದರೆ ನನ್ನ ಮಾತು ಅವನಿಗೆ ಬರುತ್ತಿರಲಿಲ್ಲ.

2011ರ ಜುಲೈ 15ಕ್ಕೆ ಕೊನೆಯ ಭಾಗ ಬಿಡುಗಡೆಯಾಯಿತು. ಮೂರು ಜನ ಸೇರಿ ಬೆಳಗ್ಗೆ ಬೆಂಗಳೂರಿನ ಬಸ್ ಹತ್ತಿದೆವು. ನೋಡಿದ್ದು ಇಂಗ್ಲಿಷಿನಲ್ಲಿ. ಸಾಯುವ ಮುಂಚೆ ಹ್ಯಾರಿಯ ಶಾಲೆಯ ಮೇಷ್ಟ್ರು ಸ್ನೇಪ್ ತನ್ನ ನೆನಪುಗಳನ್ನು ಹ್ಯಾರಿಗೆ ಕೊಡುತ್ತಾನಲ್ಲ, ಅಲ್ಲಿ ಇಡೀ ಥಿಯೇಟರ್ ಗಪ್‌ಚುಪ್. ಪಕ್ಕದ ಸೀಟಿನ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ಇನ್ನೂ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಳ್ಳುತ್ತಿದ್ದೆ. ಯಾರು ಯಾರನ್ನು ಪ್ರೀತಿಸಿದ್ದರು, ಯಾರು ಯಾರಿಗೆ ಮಾತು ಕೊಟ್ಟಿದ್ದರು ಅಂತ. ನನಗೆ ಅರ್ಥವಾಗಿ ಕಣ್ಣು ತುಂಬುವ ಹೊತ್ತಿಗೆ ಹ್ಯಾರಿ ಆಗಲೇ ಸಾಯಲು ಕಾಡಿಗೆ ಹೊರಟಿದ್ದ. ಎಲ್ಲರೂ ಅತ್ತು ಕಣ್ಣೊರೆಸಿಕೊಂಡ ಮೇಲೆ ನಾನೊಬ್ಬನೇ ಅತ್ತೆ. ವಾಪಸ್ ಬರುವಾಗ ಹೊಸಕೋಟೆ ದಾಟುವವರೆಗೂ ಕಿಟಕಿ ಕಡೆಗೇ ಮುಖ ಮಾಡಿಕೊಂಡು ಕೂತಿದ್ದೆ. ಇದನ್ನು ಇದುವರೆಗೂ ಯಾರಿಗೂ ಹೇಳಿರಲಿಲ್ಲ.

ಅದಕ್ಕೇ ಕೋಪ ಬರುತ್ತದೆ. ಅಳುವುದಕ್ಕೂ ತಡವಾಗಬೇಕಾ?

ಕೆಲವರು ಹೇಳುತ್ತಾರೆ, ‘ನಿಮ್ಮ ಕಡೆ ಎಲ್ಲರಿಗೂ ತೆಲುಗು ಬರುತ್ತಲ್ಲ, ನೋಡ್ಕೊಳ್ಳಿ, ಏನೀಗ?’ ಬರುತ್ತೆ. ತೆಲುಗಿನ ಮೇಲೆ ನನಗೆ ಒಂದಿಷ್ಟೂ ಬೇಜಾರಿಲ್ಲ, ನಮ್ಮ ಅಜ್ಜಿ ಮಾತಾಡುತ್ತಿದ್ದದ್ದೇ ತೆಲುಗು. ಆದರೆ ಮನೆಯಲ್ಲಿ ತಮಿಳಾಡುತ್ತಿದ್ದ ಮಾಸ್ತಿ ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನವರು. ಕಥೆ ಬರೆದಿದ್ದು ಕನ್ನಡದಲ್ಲಿ. ನಮ್ಮಲ್ಲಿ ನಾಲ್ಕು ಭಾಷೆ ಬರುತ್ತೆ ಅಂದರೆ ಕನ್ನಡ ಬೇಡ ಅಂತ ಅರ್ಥವಲ್ಲ. ಇನ್ನು ಬೇರೆ ಭಾಷೆಯ ಸಿನಿಮಾಕ್ಕೆ ಕನ್ನಡದ ಮಾತು ಕೂರಿಸುವ ಡಬ್ಬಿಂಗ್ ಬಂದರೆ ನಮ್ಮ ಕಲಾವಿದರ ಹೊಟ್ಟೆಗೆ ಹೊಡೆತ ಅನ್ನುವ ಮಾತು. ಅದಕ್ಕೇ ಹೋರಾಡಿ ಕನ್ನಡಕ್ಕೆ ಡಬ್ಬಿಂಗ್ ಬಾರದಂತೆ ತಡೆದಿದ್ದರು. ಕನ್ನಡ ಸಿನಿಮಾ ಇನ್ನೂ ಎದ್ದು ನಿಲ್ಲುತ್ತಿದ್ದ ಕಾಲದಲ್ಲಿ ಆ ಹೋರಾಟಕ್ಕೆ ಕಾರಣವಿತ್ತು, ಒಪ್ಪುತ್ತೇನೆ. ಆದರೆ ಹ್ಯಾರಿ ಮಂತ್ರವಿದ್ಯೆ ಕಲಿಯುವ ಹಾಗ್ವಾರ್ಟ್ಸ್‌ನಂಥ ಶಾಲೆಯನ್ನು ಇಲ್ಲಿ ಯಾರೂ ಕಟ್ಟುತ್ತಿರಲಿಲ್ಲ. ಅದನ್ನು ತಡೆದು ಯಾರ ಅನ್ನ ಉಳಿಯಿತು? ನಾವು ಕನ್ನಡ ಸಿನಿಮಾಕ್ಕೆ ಹೋಗಲಿಲ್ಲ, ಅದನ್ನೇ ತೆಲುಗಿನಲ್ಲಿ ನೋಡಿದೆವು. ಅಷ್ಟೇ ಆಗಿದ್ದು. ಕನ್ನಡ ಮಾತಾಡುವ ಕೆಲಸವೂ ಹೋಯಿತು, ಕೇಳುವ ಮಕ್ಕಳೂ ಹೋದರು.

2015ರಲ್ಲಿ, ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಸ್ಪರ್ಧಾ ಆಯೋಗ ಈ ತಡೆ ತಪ್ಪು ಅಂತ ಹೇಳಿತು. 2017ರಲ್ಲಿ ಡಬ್ ಆದ ಸಿನಿಮಾ ಥಿಯೇಟರಿಗೂ ಬಂತು. 2022ರಲ್ಲಿ ಅವತಾರ್ ಎರಡನೇ ಭಾಗದಲ್ಲಿ ಆ ನೀಲಿ ಜನ ಕನ್ನಡ ಮಾತಾಡಿದರು. ಆಕಾಶವೇನೂ ಬೀಳಲಿಲ್ಲ. ನನ್ನ ಹ್ಯಾರಿಗೆ ಮಾತ್ರ ತಡವಾಗಿ ಹೋಯಿತು, ಅವನ ಸಿನಿಮಾಗಳು 2011ಕ್ಕೇ ಮುಗಿದಿದ್ದವು.

ಈ ಸಲ ನೋಡುವಾಗ ಎದೆ ಭಾರವಾಗಿದ್ದು ಇನ್ನೊಂದು ಕಾರಣಕ್ಕೆ. ಮೊದಲ ಎರಡು ಭಾಗದಲ್ಲಿ ಶಾಲೆಯ ಹೆಡ್‌ಮಾಸ್ಟರ್ ಡಂಬಲ್ಡೋರ್ ಆಗಿದ್ದ ರಿಚರ್ಡ್ ಹ್ಯಾರಿಸ್ 2002ರಲ್ಲೇ ಹೋದರು. ಸ್ನೇಪ್ ಆಗಿದ್ದ ಅಲನ್ ರಿಕ್‌ಮನ್ 2016ರಲ್ಲಿ. ಹ್ಯಾಗ್ರಿಡ್ ಆಗಿದ್ದ ರಾಬಿ ಕೋಲ್ಟ್ರೇನ್ 2022ರಲ್ಲಿ. ಎರಡನೇ ಡಂಬಲ್ಡೋರ್ ಮೈಕೇಲ್ ಗ್ಯಾಂಬನ್ 2023ರಲ್ಲಿ. ಮೆಗಾನಗಲ್ ಮೇಡಂ ಆಗಿದ್ದ ಮ್ಯಾಗಿ ಸ್ಮಿತ್ 2024ರಲ್ಲಿ. ಮಕ್ಕಳನ್ನು ಕಾಯುತ್ತಿದ್ದ ದೊಡ್ಡವರು ಒಬ್ಬೊಬ್ಬರೇ ಎದ್ದು ಹೋಗಿಬಿಟ್ಟರು. ಹ್ಯಾಗ್ರಿಡ್ ಬಾಗಿಲು ಮುರಿದು ಒಳಗೆ ಬಂದಾಗ ಇವಳು ನಕ್ಕಳು. ನನಗೆ ಗಂಟಲು ಕಟ್ಟಿತು.

ನಿನ್ನೆ ಇಂಗ್ಲಿಷಿನಲ್ಲೇ ಹಾಕಿ, ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಅಮ್ಮ ಪಕ್ಕದಲ್ಲಿ ನೆನೆಸಿದ ಅವರೆಕಾಳಿನ ಪಾತ್ರೆ ಇಟ್ಟುಕೊಂಡು ಹಿಚುಕುತ್ತಾ ಕೂತಿದ್ದಳು. ಚಿಟಕ್ ಅಂತ ಸಿಪ್ಪೆ ಈ ಕಡೆ, ಬೇಳೆ ಆ ಕಡೆ. ಎಂಟು ವಾರದಲ್ಲಿ ಅವಳಿಗೂ ಎಲ್ಲರ ಪರಿಚಯವಾಗಿತ್ತು. ಸ್ನೇಪ್ ಬಂದಾಗಲೆಲ್ಲ ‘ಆ ಕರೀ ಬಟ್ಟೆಯವನು, ಕೆಟ್ಟವನು’ ಅನ್ನುತ್ತಿದ್ದಳು.

ನೆನಪುಗಳ ದೃಶ್ಯ ಬಂತು. ಸತ್ತುಹೋದ ಹ್ಯಾರಿಯ ಅಮ್ಮ ಲಿಲಿ ಮೇಲೆ ಇಷ್ಟು ವರ್ಷವಾದರೂ ಅದೇ ಪ್ರೀತಿಯಾ ಅಂತ ಡಂಬಲ್ಡೋರ್ ಕೇಳುತ್ತಾನೆ. ಸ್ನೇಪ್ ಒಂದೇ ಪದದಲ್ಲಿ ಉತ್ತರ ಕೊಡುತ್ತಾನೆ, ‘ಆಲ್ವೇಸ್’. ಆ ಪದಕ್ಕೆ ಕನ್ನಡ ಹುಡುಕಿ ನಾನು ಎಷ್ಟು ವರ್ಷ ಒದ್ದಾಡಿದ್ದೇನೆ ಗೊತ್ತಾ? ‘ಯಾವಾಗಲೂ’ ಅಂದರೆ ಸಪ್ಪೆ. ‘ಸದಾ’ ಅಂದರೆ ಹಳೇ ಪತ್ರದ ಕೊನೆಯ ಸಾಲಿನ ಹಾಗೆ. ‘ಎಂದೆಂದಿಗೂ’ ಅಂದರೆ ಹಾಡು ಶುರುವಾಗುತ್ತೆ. ನಿನ್ನೆ ಯೋಚಿಸೋಕೆ ಟೈಮೇ ಇರಲಿಲ್ಲ. ಇವಳು ‘ಏನಂದ, ಏನಂದ’ ಅಂತ ತೋಳು ಎಳೆಯುತ್ತಿದ್ದಳು. ಬಾಯಿಗೆ ತಾನಾಗಿ ಬಂತು.

‘ಇವತ್ತಿಗೂ.’

ಅಮ್ಮನ ಕೈ ನಿಂತಿತು. ಒಂದು ಅವರೆಕಾಳು ಹೆಬ್ಬೆರಳು ತೋರುಬೆರಳಿನ ನಡುವೆ ಹಾಗೇ ಉಳಿಯಿತು. ‘ಅಯ್ಯೋ ಪಾಪ, ಅಷ್ಟು ವರ್ಷ ಒಳಗೇ ಇಟ್ಕೊಂಡಿದ್ನಾ’ ಅಂದಳು. ಇವಳು ನನ್ನ ತೋಳಿಗೆ ಮುಖ ಒತ್ತಿಕೊಂಡು ಮೆಲ್ಲಗೆ ‘ಇವತ್ತಿಗೂ’ ಅಂತ ಹೇಳಿಕೊಂಡಳು. ಹ್ಯಾರಿ ಇನ್ನೂ ಕಾಡಿಗೆ ಹೊರಟಿರಲಿಲ್ಲ. ಈ ಸಲ ಮೂರು ಜನವೂ ಅಳಬೇಕಾದ ಜಾಗದಲ್ಲೇ ಅತ್ತೆವು.

ಕೊನೆಗೆ ಹತ್ತೊಂಬತ್ತು ವರ್ಷ ಕಳೆದ ಮೇಲಿನ ರೈಲ್ವೆ ಸ್ಟೇಷನ್. ಹ್ಯಾರಿ ತನ್ನ ಮಕ್ಕಳನ್ನು ರೈಲು ಹತ್ತಿಸುತ್ತಾನೆ. ಆ ರೈಲು ಹೊರಡುವ ಒಂಬತ್ತೂ ಮುಕ್ಕಾಲನೇ ಪ್ಲಾಟ್‌ಫಾರ್ಮ್ ಬಂಗಾರಪೇಟೆಯಲ್ಲೂ ಇರುತ್ತಾ ಅಂತ ಇವಳು ಕೇಳಿದಳು. ಹೋಗಿ ನೋಡೋಣ ಅಂದೆ. ರೈಲು ಹೋಯಿತು. ನಾನು ಟಿವಿ ಆಫ್ ಮಾಡಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಅಮ್ಮ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೊರಟವಳು ಬಾಗಿಲಲ್ಲಿ ನಿಂತು ಕೇಳಿದಳು, ‘ಹೊಸದು ಬರುತ್ತೆ ಅಂದ್ಯಲ್ಲ. ಅದಾದ್ರೂ ಕನ್ನಡದಲ್ಲಿ ಬರುತ್ತೇನೋ?’