ಕೇಳಿ. ಕೇಳದೆ ಸಹಿ ಹಾಕಬೇಡಿ

ಸಂಜೆಯಿಂದ ತಲೆ ಬಿಸಿಯಾಗಿದೆ. ಗೆಳೆಯರೊಬ್ಬರ ಮಗಳಿಗೆ ಇಲ್ಲಿ ಅಮೆರಿಕದ ಒಂದು ಖಾಸಗಿ ಕಾಲೇಜಿನಿಂದ ಏಡ್ ಲೆಟರ್, ಅಂದರೆ ಓದಿನ ಖರ್ಚಿಗೆ ಎಷ್ಟು ನೆರವು ಸಿಗುತ್ತದೆ ಅಂತ ತಿಳಿಸುವ ಪತ್ರ, ಬಂದಿದೆ. ಅಪ್ಪನ ಕೆಲಸ ಹೋದ ವರ್ಷವೇ ಹೋಯಿತು. ಪತ್ರದ ಲೆಕ್ಕದಲ್ಲಿ ಅದರ ಸುಳಿವೇ ಇಲ್ಲ. ಆದರೂ ಗಂಡ ಹೆಂಡತಿ ಇಬ್ಬರದೂ ಒಂದೇ ಮಾತು: "ಕೊಟ್ಟಿದ್ದೇ ಹೆಚ್ಚು. ಮತ್ತೆ ಕೇಳಿದರೆ ಚೆನ್ನಾಗಿರಲ್ಲ."

ಯಾಕೆ ಚೆನ್ನಾಗಿರಲ್ಲ? ಸರ್ಕಾರದ ನೆರವಿಗಾಗಿ ತುಂಬುವ ಫಾಫ್ಸಾ ಅರ್ಜಿ 2026-27ಕ್ಕೆ ನೋಡುವುದು 2024ರ ಆದಾಯವನ್ನು. ಆಗ ಆ ಮನೆಗೆ ಎರಡು ಸಂಬಳ ಬರುತ್ತಿತ್ತು. ಈಗ ಒಂದೇ. ಇಂಥ ಸಂದರ್ಭದಲ್ಲಿ ಲೆಕ್ಕ ತಿದ್ದುವ ಅಧಿಕಾರ ಕಾಲೇಜಿನ ಏಡ್ ಆಫೀಸಿಗೆ ಇದೆ. ಪ್ರೊಫೆಷನಲ್ ಜಡ್ಜ್‌ಮೆಂಟ್ ಅನ್ನುವುದು ಇದನ್ನೇ. ಹೀಗೆ ಕೇಳಬಹುದು ಅಂತ ಕಾಲೇಜು ಬಹಿರಂಗವಾಗಿ ತಿಳಿಸಬೇಕು, ಬಂದ ಮನವಿಗಳನ್ನೆಲ್ಲ ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. ಇದು ಫೆಡರಲ್ ಕಾನೂನು. ಕಾನೂನೇ ಕೇಳಿ ಅನ್ನುವಾಗ ನಮಗೇಕೆ ಸಂಕೋಚ?

ಆ ಪತ್ರವನ್ನು ನಾನೂ ಓದಿದೆ. ಕೆಳಗಿನ ಮೊತ್ತ ನೋಡಿದರೆ ಯಾರಿಗಾದರೂ ಖುಷಿಯಾಗಬೇಕು. ಬಿಡಿಸಿ ನೋಡಿದರೆ ಅದರಲ್ಲಿ 5,500 ಡಾಲರ್ ಫೆಡರಲ್ ಸಾಲ. ಮೇಲೆ ವರ್ಕ್-ಸ್ಟಡಿ, ಅಂದರೆ ಹುಡುಗಿ ದುಡಿದರೆ ಮಾತ್ರ ಬರುವ ಹಣ. ವಾಪಸ್ ಕೊಡಬೇಕಿಲ್ಲದ ಗ್ರಾಂಟ್ ಅರ್ಧವೂ ಇಲ್ಲ. ಇದು ಒಂದು ಕಾಲೇಜಿನ ಕಥೆಯಲ್ಲ. ಸರ್ಕಾರದ ಲೆಕ್ಕ ತಪಾಸಣಾ ಸಂಸ್ಥೆ ಜಿಎಒ 2022ರಲ್ಲಿ ಕೊಟ್ಟ ವರದಿ ಪ್ರಕಾರ, ಸುಮಾರು 91% ಕಾಲೇಜುಗಳು ಕೈಯಿಂದ ಕೊಡಬೇಕಾದ ನಿಜವಾದ ಖರ್ಚನ್ನು ಪತ್ರದಲ್ಲಿ ತೋರಿಸುವುದಿಲ್ಲ, ಇಲ್ಲವೇ ಕಡಿಮೆ ಮಾಡಿ ತೋರಿಸುತ್ತವೆ. ಇಂಥ ಪತ್ರಕ್ಕೆ ಕೈಮುಗಿದು ಸಹಿ ಹಾಕಬೇಕಾ?

"ಕೇಳಿದರೆ ಸೀಟೇ ಹೋದರೆ?" ಅಂತ ಹುಡುಗಿಯ ಅಮ್ಮ ಕೇಳಿದರು. ಕೆಲಸ ಹೋದ ಪತ್ರ, ಬ್ಯಾಂಕ್ ಕಾಗದ ಲಗತ್ತಿಸಿ ಮರ್ಯಾದೆಯಿಂದ ಬರೆದ ಒಂದು ಪುಟಕ್ಕೆ ಸೀಟು ಹೋಗುವುದಿಲ್ಲ. ಆಗಲ್ಲ ಅನ್ನಬಹುದು, ಅಷ್ಟೇ. ಈ ಭಯ ನನಗೆ ಅರ್ಥವೇ ಆಗುವುದಿಲ್ಲ.

ನಿಜ ಹೇಳ್ತೀನಿ, ನನಗೆ ಕೋಪ ಬಂದಿದ್ದು ಆ ಹುಡುಗಿಯನ್ನು ನೋಡಿ. ಮೂಲೆಯಲ್ಲಿ ಸುಮ್ಮನೆ ಕೂತಿದ್ದಳು. ದೊಡ್ಡವರು ಇವತ್ತು ಸಂಕೋಚ ಪಟ್ಟರೆ ನಾಳೆ ಕಂತು ಕಟ್ಟುವವಳು ಅವಳು ಅಲ್ವಾ?

ಹಾಗಾಗಿ ಮನೆಯಲ್ಲಿ ಇಂಥ ಪತ್ರ ಬಂದಿದ್ದರೆ ಮೊದಲು ಗ್ರಾಂಟ್ ಒಂದು ಕಡೆ, ಸಾಲ ಒಂದು ಕಡೆ ಬರೆಯಿರಿ. ಅದೇ ಮಟ್ಟದ ಬೇರೆ ಕಾಲೇಜು ಜಾಸ್ತಿ ಕೊಟ್ಟಿದ್ದರೆ ಆ ಪತ್ರವನ್ನೂ ಜೊತೆಗಿಡಿ. ಎಷ್ಟು ಕೊರತೆ ಅಂತ ಅಂಕಿ ಹಾಕಿಯೇ ಕೇಳಿ. ಬಹಳಷ್ಟು ಕಾಲೇಜುಗಳಿಗೆ ಸೇರುತ್ತೇವೋ ಇಲ್ಲವೋ ಅಂತ ಮೇ 1ರೊಳಗೆ ಉತ್ತರ ಕೊಡಬೇಕು, ಕೊನೇ ವಾರದವರೆಗೆ ಕಾಯಬೇಡಿ. ಬರೆಯುವುದು ಕಷ್ಟ ಅನ್ನಿಸಿದರೆ ನನಗೆ ಮೆಸೇಜ್ ಮಾಡಿ, ಕೂತು ಬರೆಯೋಣ. ನಾಳೆ ಬೆಳಿಗ್ಗೆ ಅವರ ಮನೆಗೆ ಅದಕ್ಕೇ ಹೋಗುತ್ತಿದ್ದೇನೆ.