ಮಿಸ್ಟರ್ ಅರಕಲಗೂಡು

ದುಬೈನ ಒಂದು ಬ್ಯಾಂಕು ಎಂಟು ತಿಂಗಳು ನನ್ನನ್ನು ನಮ್ಮೂರಿನ ಹೆಸರು ಹಿಡಿದೇ ಕರೆಯಿತು. ‘ಡಿಯರ್ ಮಿಸ್ಟರ್ ಅರಕಲಗೂಡು’ ಅಂತ. ಮೊದಲ ಮೇಲ್ ಬಂದಾಗ ಇವರು ಇಡೀ ತಾಲ್ಲೂಕಿಗೇ ಪತ್ರ ಬರೆದಿದ್ದಾರೇನೋ ಅನ್ನಿಸಿತ್ತು. ಆಮೇಲೆ ಅಭ್ಯಾಸವಾಯಿತು. ಮನೆಯಲ್ಲೂ ಹೆಂಡತಿ ಕಾಫಿ ತಂದಿಟ್ಟು, ‘ಮಿಸ್ಟರ್ ಅರಕಲಗೂಡು, ಆರಿಹೋಗತ್ತೆ’ ಅನ್ನತೊಡಗಿದಳು.

ಇದೆಲ್ಲಾ ಶುರುವಾಗಿದ್ದು 1 ಎಕರೆ 12 ಗುಂಟೆಯಿಂದ. ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿ ನಮ್ಮ ಜಮೀನಿತ್ತು. ಅಪ್ಪ ಹೋದ ಮೇಲೆ ನೋಡಿಕೊಳ್ಳುವವರಿಲ್ಲದೆ ಶುಂಠಿ ಬೆಳೆಯುವವರಿಗೆ ಗುತ್ತಿಗೆ ಕೊಡುತ್ತಿದ್ದೆವು. ಕೊನೆಗೆ ಮಾರಿದೆವು. ಅಣ್ಣನ ಪಾಲು ಅಣ್ಣನಿಗೆ, ನನ್ನ ಪಾಲು ಬ್ಯಾಂಕಿಗೆ. ದುಡ್ಡು ಅದರ ಪಾಡಿಗೆ ಸುಮ್ನೆ ಬಿದ್ದಿರುತ್ತೆ. ಅದು ಬಿದ್ದಿದೆ ಅಂತ ಗೊತ್ತಾದವರು ಸುಮ್ನಿರಲ್ಲ.

ನನ್ನ ಭಾಮೈದ ಕೆಲಸ ಮಾಡೋದು ದುಬೈನಲ್ಲಿ, ಬಾಡಿಗೆ ಕಮ್ಮಿ ಅಂತ ಇರೋದು ಶಾರ್ಜಾದಲ್ಲಿ. ದಿನಾ ಟ್ರಾಫಿಕ್ಕಿನಲ್ಲಿ ಕೂತಾಗ ಅವನಿಗೆ ಐಡಿಯಾಗಳು ಬರುತ್ತವೆ, ತಕ್ಷಣ ಫೋನ್ ಮಾಡುತ್ತಾನೆ.

‘ಭಾವ, ಎಫ್‌ಡಿಯಲ್ಲಿ ಇಟ್ಕೊಂಡು ಏನ್ ಮಾಡ್ತೀರಾ? ಇಲ್ಲೊಂದು ಸ್ಟುಡಿಯೊ ತಗೊಳ್ಳಿ. 2002ರಿಂದ ಹೊರಗಿನವರಿಗೂ ಕೊಡ್ತಿದಾರೆ. ಬಾಡಿಗೆ ಮೇಲೆ ಒಂದು ಪೈಸೆ ತೆರಿಗೆ ಇಲ್ಲ.’

ಸ್ಟುಡಿಯೊ ಅಂದರೆ ಫೋಟೊ ಸ್ಟುಡಿಯೊ ಅಂದುಕೊಂಡಿದ್ದ ಅಮ್ಮನಿಗೆ, ಹಾಲ್, ಬೆಡ್‌ರೂಮ್ ಎಲ್ಲಾ ಒಂದೇ ಕೋಣೆಯಲ್ಲಿರುವ ಮನೆ ಅಂತ ವಿವರಿಸಿದೆ. ‘ಅದನ್ನ ನಾವು ವಠಾರ ಅಂತಿದ್ವಿ’ ಅಂದರು ಅಮ್ಮ.

ಭಾಮೈದ ತೋರಿಸಿದ್ದು ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆ. ಅಲ್ಲಿ ಇಂಗ್ಲೆಂಡ್, ಫ್ರಾನ್ಸ್, ಸ್ಪೇನ್, ಪರ್ಷಿಯಾ ಅಂತ ಒಂದೊಂದು ದೇಶದ ಹೆಸರಿನಲ್ಲಿ ಒಂದೊಂದು ಕ್ಲಸ್ಟರ್ ಇದೆ. ಅರಕಲಗೂಡು ಮಾರಿ ಇಂಗ್ಲೆಂಡಿನಲ್ಲಿ ಮನೆ, ಅದೂ ದುಬೈನಲ್ಲಿ! ನಾನು ಬಿದ್ದೆ. ಅವನು ಇನ್ನೊಂದು ಮಾತು ಸೇರಿಸಿದ. ‘ನಿಮ್ಮ ಹೆಸರಲ್ಲಿ ಬೇಡ ಭಾವ. ಇಲ್ಲೇ ದುಬೈನ ಜೆಬೆಲ್ ಅಲಿಯಲ್ಲಿ ಒಂದು ಆಫ್‌ಶೋರ್ ಕಂಪನಿ, ಅಂದ್ರೆ ಕಾಗದದ ಮೇಲಷ್ಟೇ ಇರೋ ಕಂಪನಿ ಮಾಡಿ, ಅದರ ಹೆಸರಲ್ಲಿ ತಗೊಳ್ಳಿ. ದೊಡ್ಡೋರೆಲ್ಲಾ ಹಾಗೇ ಮಾಡೋದು.’

ನಾನು ಸಣ್ಣವನು ಎಂಬುದನ್ನು ಇಬ್ಬರೂ ಆ ಕ್ಷಣ ಮರೆತೆವು.

ಅವನು ಹುಡುಕಿಕೊಟ್ಟ ಏಜೆಂಟ್ ಮಂಗಳೂರಿನವರು, ಬಹಳ ಸಮಾಧಾನದ ಮನುಷ್ಯ. ‘ಕಂಪನಿ ಮಾಡುದು ದೊಡ್ಡ ವಿಷಯ ಅಲ್ಲ ಸಾರ್, ಅದು ಆಗ್ತದೆ. ಬ್ಯಾಂಕ್ ಅಕೌಂಟೇ ಕಷ್ಟ ಉಂಟು. ಮೊದಲು ಬ್ಯಾಂಕಿನವರು ಒಪ್ತಾರಾ ನೋಡುವ. ಡಾಕ್ಯುಮೆಂಟ್ ಕಳಿಸಿ’ ಅಂದರು.

ಹೆಸರಿನಿಂದಲೇ ಎಡವಟ್ಟು ಶುರು. ನಮ್ಮ ಕಡೆಯವರಿಗೆ ಸರ್‌ನೇಮ್ ಎಲ್ಲಿರುತ್ತೆ ಹೇಳಿ? ಎರಡು ಇನಿಷಿಯಲ್ ಇರುತ್ತೆ. ಒಂದು ಊರಿನದು, ಒಂದು ಅಪ್ಪನದು. ಶಾಲೆಯ ಹಾಜರಿ ಪುಸ್ತಕಕ್ಕೆ ಅಷ್ಟು ಸಾಕಾಗಿತ್ತು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಅಂದರು. ಬರೆದೆ. ಊರೂ ಅಪ್ಪನೂ ಸೇರಿ ನನ್ನ ಸರ್‌ನೇಮ್ ಆದರು. ಪ್ಯಾನ್ ಕಾರ್ಡಿನಲ್ಲಿ ಅಪ್ಪ ಮುಂದೆ, ಊರು ಹಿಂದೆ. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಬಾಲಕ್ಕೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ತಲೆಗೆ. ಎಲ್ಲ ಸ್ಕ್ಯಾನ್ ಮಾಡಿ ಕಳಿಸಿದ ಮೇಲೆ ಏಜೆಂಟರ ಫೋನ್ ಬಂತು. ‘ಸಾರ್, ಈ ನಾಲ್ಕು ಜನ ಡೈರೆಕ್ಟರ್ಸಾ?’

ನಾಲ್ಕೂ ನಾನೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿದೆ. ನೋಟರಿಯವರು ಸೀಲ್ ಒತ್ತುತ್ತಾ, ‘ವಾರಕ್ಕೆ ಮೂರು ಇಂಥವೇ ಬರ್ತವೆ ಸಾರ್, ನಮ್ಮ ಹೊಟ್ಟೆ ನಡೀತಿರೋದೇ ಇನಿಷಿಯಲ್‌ನಿಂದ’ ಅಂದರು. ಭಾಮೈದ ಫೋನಿನಲ್ಲಿ ಸಮಾಧಾನ ಹೇಳಿದ. ನಿಮ್ಮದೇ ವಾಸಿ ಭಾವ, ಪಾಸ್‌ಪೋರ್ಟಿನಲ್ಲಿ ಬರೀ ಒಂದೇ ಹೆಸರು ಇರೋರಿಗೆ 2022ರ ನವೆಂಬರಿನಿಂದ ಇಲ್ಲಿ ವಿಸಿಟ್ ವೀಸಾನೇ ಕಷ್ಟ ಅಂತ. ಊರಿನ ಹೆಸರು ಬಾಲಕ್ಕೆ ಅಂಟಿಕೊಂಡಿದ್ದಕ್ಕೆ ಅವತ್ತು ಮೊದಲ ಸಲ ಖುಷಿಪಟ್ಟೆ.

ಮುಂದಿನದು ವಿಳಾಸ. ಮೂರು ತಿಂಗಳಿಗಿಂತ ಹಳೆಯದಲ್ಲದ ಕರೆಂಟ್ ಬಿಲ್ ಬೇಕು, ನನ್ನ ಹೆಸರಿನಲ್ಲಿರಬೇಕು, ಇಂಗ್ಲಿಷ್‌ನಲ್ಲಿರಬೇಕು. ನಮ್ಮ ಬಿಲ್ ಬರುವುದು ಅಪ್ಪನ ಹೆಸರಿಗೆ. ಅಪ್ಪ ತೀರಿಕೊಂಡು 19 ವರ್ಷವಾಯಿತು. ಅಷ್ಟೂ ವರ್ಷ ಅವರು ತಿಂಗಳು ತಿಂಗಳು ತಪ್ಪದೆ ಕರೆಂಟ್ ಕಟ್ಟಿಕೊಂಡು ಬಂದಿದ್ದಾರೆ, ಒಂದು ದಿನ ಬಾಕಿ ಇಲ್ಲ. ಹೆಸರು ಬದಲಾಯಿಸಬೇಕು ಅಂತ ಪ್ರತಿ ಯುಗಾದಿಗೆ ಅಂದುಕೊಳ್ಳುವುದು, ಬೇವು ಬೆಲ್ಲದ ಜೊತೆ ನುಂಗುವುದು. ಬಿಲ್ಲಿನಲ್ಲಿದ್ದ ವಿಳಾಸವೂ ಸಾಮಾನ್ಯದ್ದಲ್ಲ. ‘ಹಳೇ ನಂ. 41, ಹೊಸ ನಂ. 17/1, ಗಣಪತಿ ದೇವಸ್ಥಾನದ ಹಿಂದೆ.’ ಇದನ್ನು ಇಂಗ್ಲಿಷ್ ಮಾಡಿ ಕಳಿಸಿದ್ದಕ್ಕೆ ಬ್ಯಾಂಕಿನಿಂದ ಎರಡು ಪ್ರಶ್ನೆ ಬಂದವು. ಈ ಎರಡು ಮನೆಗಳಲ್ಲಿ ನೀವಿರುವುದು ಯಾವುದರಲ್ಲಿ? ದೇವಸ್ಥಾನಕ್ಕೂ ನಿಮಗೂ ಹಣಕಾಸಿನ ಸಂಬಂಧವಿದೆಯೇ? ಎರಡನೆಯದಕ್ಕೆ ಪ್ರಾಮಾಣಿಕವಾಗಿ ಉತ್ತರಿಸಬೇಕೆಂದರೆ, ಇದೆ. ಗಣೇಶನ ಹಬ್ಬದ ಚಂದಾ 2,000 ರೂಪಾಯಿ ಇನ್ನೂ ಕೊಟ್ಟಿಲ್ಲ. ಬರೆಯಲಿಲ್ಲ.

ಆದರೂ ಇದೆಲ್ಲಾ ಏನೂ ಅಲ್ಲ. ನಿಜವಾದ ಪರೀಕ್ಷೆ ಇದ್ದದ್ದು ‘ಈ ಹಣ ನಿಮಗೆ ಎಲ್ಲಿಂದ ಬಂತು’ ಎಂಬ ಕಾಲಂನಲ್ಲಿ.

ಜಮೀನು ಮಾರಿದ್ದು ಅಂತ ಬರೆದು ಕ್ರಯಪತ್ರ, ಪಹಣಿ ಎರಡನ್ನೂ ಲಗತ್ತಿಸಿದೆ. ಎರಡೂ ಕನ್ನಡದಲ್ಲಿವೆ, ಅನುವಾದ ಬೇಕು ಅಂದರು. ಮಾನ್ಯತೆ ಪಡೆದ ಅನುವಾದಕರು ಪುಟಕ್ಕೆ ಹೇಳಿದ ರೇಟು ಕೇಳಿ, ಜಮೀನನ್ನೇ ಮರಳಿ ಕೊಂಡುಕೊಳ್ಳಬಹುದಿತ್ತು ಅನ್ನಿಸಿತು. ನಮ್ಮ ರಸ್ತೆ ಕೊನೆಯ ಝೆರಾಕ್ಸ್ ಅಂಗಡಿಯ ಹುಡುಗ, ‘ನಾನೇ ಮಾಡ್ಕೊಡ್ತೀನಿ ಅಂಕಲ್, ಮೊದಲು ಡ್ರಾಫ್ಟ್ ಕಳ್ಸಿ ನೋಡಿ’ ಅಂದ. ಮೊಬೈಲಿನಲ್ಲಿ ಮಾಡಿದನೋ, ಮನಸ್ಸಿನಲ್ಲಿ ಮಾಡಿದನೋ, ಹತ್ತು ನಿಮಿಷದಲ್ಲಿ ಕೊಟ್ಟ. ಓದದೆ ಕಳಿಸಿದ್ದು ನನ್ನ ತಪ್ಪು.

ಪಹಣಿಯಲ್ಲಿ ಜಮೀನು ಯಾವ ತರಹದ್ದು ಅಂತ ಒಂದು ಕಡೆ ಬರೆದಿರುತ್ತಾರಲ್ಲ, ತರಿ, ಖುಷ್ಕಿ, ಬಾಗಾಯ್ತು ಅಂತ? ನಮ್ಮದು ಖುಷ್ಕಿ. ಮಳೆ ನಂಬಿಕೊಂಡ ಒಣ ಭೂಮಿ. ಹುಡುಗ ಅದನ್ನು ‘ಹ್ಯಾಪಿ ಲ್ಯಾಂಡ್’ ಅಂತ ಮಾಡಿದ್ದ. ವಾರದ ನಂತರ ಏಜೆಂಟ್ ಸಣ್ಣ ದನಿಯಲ್ಲಿ ಕೇಳಿದರು: ‘ಸಾರ್, ನೀವು ಮಾರಿದ್ದು ಎಂತ, ವಾಟರ್ ಪಾರ್ಕಾ? ಬ್ಯಾಂಕಿನವರು ಟಿಕೆಟ್ ಸೇಲಿನ ಲೆಕ್ಕ ಕೇಳ್ತಾ ಇದ್ದಾರೆ.’

ನಮ್ಮ ಜಮೀನು ಖುಷಿ ಕೊಟ್ಟಿದ್ದನ್ನು ಮೂರು ತಲೆಮಾರಿನಲ್ಲಿ ಯಾರೂ ಕಂಡಿರಲಿಲ್ಲ.

ಗುಂಟೆಯದು ಬೇರೆ ಕಥೆ. ‘ಗುಂಟೆ ಅಂದ್ರೆ ಎಂತ ಸಾರ್? ನಮ್ಮ ಊರಲ್ಲಿ ಸೆಂಟ್ಸ್ ಮಾರ್ರೆ’ ಅಂದರು ಏಜೆಂಟ್. ಒಂದು ಗುಂಟೆ ಅಂದರೆ 1,089 ಚದರಡಿ, ನಿಮ್ಮ ಎರಡೂವರೆ ಸೆಂಟ್ಸ್ ಅಂತ ಲೆಕ್ಕ ಹಾಕಿ ಕಳಿಸಿದೆ. ಅವರು ಅದನ್ನು ಚದರ ಮೀಟರಿಗೆ ತಿರುಗಿಸಿ ದುಬೈ ಬ್ಯಾಂಕಿಗೆ ಕೊಟ್ಟರು. ಒಂದು ಹೊಲ ಹಾಸನದಿಂದ ಬೆಂಗಳೂರು, ಬೆಂಗಳೂರಿನಿಂದ ಮಂಗಳೂರಿನ ಲೆಕ್ಕ, ಅಲ್ಲಿಂದ ದುಬೈ ಅಂತ ಅಳತೆ ಬದಲಾಯಿಸಿಕೊಂಡು ಸಮುದ್ರ ದಾಟಿತು.

ಅಷ್ಟಾದ ಮೇಲೆ, ಇದಕ್ಕೆ ತೆರಿಗೆ ಕಟ್ಟಿದ ರಸೀದಿ ಎಲ್ಲಿ ಅಂತ ಕೇಳಿದರು. ಕಟ್ಟಿಲ್ಲ. ಹಳ್ಳಿಯ ಕೃಷಿ ಜಮೀನು ಮಾರಿದರೆ ನಮ್ಮಲ್ಲಿ ಕ್ಯಾಪಿಟಲ್ ಗೇನ್ಸ್ ತೆರಿಗೆ ಬರುವುದಿಲ್ಲ. ಬಾಡಿಗೆಗೆ ಒಂದು ಪೈಸೆ ತೆರಿಗೆ ಹಾಕದ ಊರಿನವರು, ನಾನು ತೆರಿಗೆ ಕಟ್ಟಿಲ್ಲ ಅಂತ ನನ್ನನ್ನು ಅನುಮಾನದಿಂದ ನೋಡಿದರು!

ಅರ್ಜಿಯಲ್ಲಿ ಇನ್ನೂ ಏನೇನೋ ಇತ್ತು. ನೀವಾಗಲಿ, ನಿಮ್ಮ ಸಂಬಂಧಿಕರಾಗಲಿ ರಾಜಕೀಯದಲ್ಲಿದ್ದೀರಾ? ನಮ್ಮ ಚಿಕ್ಕಪ್ಪ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ 11 ಮತದಿಂದ ಸೋತಿದ್ದರು. ಭಾಮೈದನನ್ನು ಕೇಳಿದೆ. ‘ಸೋತೋರು ಲೆಕ್ಕಕ್ಕಿಲ್ಲ ಭಾವ’ ಅಂದ. ಈ ಮಾತನ್ನು ಚಿಕ್ಕಪ್ಪನಿಗೆ ಹೇಳಿಲ್ಲ. ಇನ್ನೊಂದು ಕಡೆ, ಕಂಪನಿಯ 25 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚು ಪಾಲು, ಇಲ್ಲವೇ ಹಿಡಿತ ಕೊನೆಗೆ ಯಾರ ಕೈಯಲ್ಲಿದೆಯೋ ಆ ನಿಜವಾದ ಮಾಲೀಕರ ಹೆಸರು ಬರೆಯಿರಿ ಅಂತಿತ್ತು. ಹಿಂದೆ ನಿಂತು ಓದುತ್ತಿದ್ದ ಹೆಂಡತಿ ಏನೂ ಮಾತಾಡಲಿಲ್ಲ. ಪೆನ್ನು ಮಾತ್ರ ನನ್ನ ಕೈಗೆ ಇಟ್ಟಳು.

ಕೊನೆಗೂ ವಿಡಿಯೊ ಕಾಲ್ ಗೊತ್ತಾಯಿತು. ಬೆಳಿಗ್ಗೆ ಹನ್ನೊಂದೂವರೆಗೆ. ಮೇಲೆ ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಪಂಚೆ. ಆ ಕಡೆ ಒಬ್ಬ ಹುಡುಗಿ, ನನ್ನ ಮಗಳ ವಯಸ್ಸು. ಪಾಸ್‌ಪೋರ್ಟನ್ನು ಮುಖದ ಪಕ್ಕ ಹಿಡಿಯಿರಿ. ಹಿಡಿದೆ. ಎಡಕ್ಕೆ ತಿರುಗಿ. ಬಲಕ್ಕೆ ತಿರುಗಿ. ಕಣ್ಣು ಮಿಟುಕಿಸಿ. ಆ ವಯಸ್ಸಿನ ಹುಡುಗಿಗೆ ಕಣ್ಣು ಮಿಟುಕಿಸಿ ನನಗೆ ಅಭ್ಯಾಸವಿಲ್ಲ, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಆಕೆ ಬೆಚ್ಚಿ, ಏನದು ಅಂದಳು. ತೊಗರಿಬೇಳೆ ಅಂದೆ.

‘ಕೋಣೆಯಲ್ಲಿ ನೀವು ಒಬ್ಬರೇ ಇದ್ದೀರಾ? ಯಾರ ಒತ್ತಡವೂ ಇಲ್ಲ ತಾನೇ?’

ಇಲ್ಲ ಅನ್ನುವುದಕ್ಕೂ ಅಮ್ಮ ಹೂಬುಟ್ಟಿ ಹಿಡಿದು ನನ್ನ ಬೆನ್ನ ಹಿಂದೆ ಹಾದುಹೋಗುವುದಕ್ಕೂ ಸರಿಹೋಯಿತು. ಹೋಗಿದ್ದರೆ ಪರವಾಗಿರಲಿಲ್ಲ. ವಾಪಸ್ ಬಂದು ಪರದೆಗೆ ಮುಖ ಹತ್ತಿರ ತಂದು, ‘ಯಾರೋ ಈ ಮಗು? ತಿಂಡಿ ಆಯ್ತೇನಮ್ಮಾ?’ ಅಂದರು. ‘ಮೂರನೇ ವ್ಯಕ್ತಿ ಹಾಜರಿದ್ದ ಕಾರಣ’ ಆ ಸಲದ ಕಾಲ್ ರದ್ದಾಯಿತು. ಎರಡನೇ ಸಲ ಸಹಿ ಹೊಂದಲಿಲ್ಲ. ಪಾಸ್‌ಪೋರ್ಟಿನಲ್ಲಿ ಕನ್ನಡದಲ್ಲಿ ಸೊಗಸಾಗಿ ಮಾಡಿದ ಸಹಿ. ಈಗ ಕೊರಿಯರ್ ಹುಡುಗರ ಮೊಬೈಲ್ ಮೇಲೆ ಬೆರಳಿನಿಂದ ಗೀಚಿ ಗೀಚಿ ನನ್ನ ಸಹಿ ಎರೆಹುಳದ ತರಹ ಆಗಿದೆ. ಒಂದು ಭಾನುವಾರ ಪೂರ್ತಿ ಕೂತು ನನ್ನದೇ ಹಳೇ ಸಹಿ ನಕಲು ಮಾಡುವುದನ್ನು ಕಲಿತೆ.

ಮೂರನೇ ಸಲ ಪಾಸಾದೆ. ಕಂಪನಿಯಾದ ಕೂಡಲೇ ಅಕೌಂಟ್ ಆಗ್ತದೆ, ದುಡ್ಡು ರೆಡಿ ಇಟ್ಕೊಳ್ಳಿ ಅಂದರು ಏಜೆಂಟ್.

ದುಡ್ಡು ಕಳಿಸುವ ಬಗೆ ಕೇಳೋಣ ಅಂತ ನಮ್ಮ ಬ್ಯಾಂಕಿಗೆ ಹೋದೆ. ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು, ಎ2 ಫಾರಂ ತುಂಬಿ, ವಿದೇಶದಲ್ಲಿ ಆಸ್ತಿ ಕೊಳ್ಳೋದಕ್ಕೆ ಕೋಡ್ ಎಸ್0005 ಅಂತ ಎಲ್ಲಾ ಚೆನ್ನಾಗಿಯೇ ಹೇಳಿದರು. ಕಂಪನಿ ಅಂತ ಬಾಯಿ ಬಿಟ್ಟ ಕೂಡಲೇ ಪೆನ್ನು ಕೆಳಗಿಟ್ಟು, ‘ಸಾರ್, ನಿಮ್ಮ ಆಡಿಟರ್ ಹತ್ತಿರ ಒಂದ್ಸಲ ಕೇಳ್ಬಿಡಿ’ ಅಂದರು.

ನಮ್ಮ ಆಡಿಟರ್ ನನ್ನ ಜೊತೆ ಕಾಲೇಜಿನಲ್ಲಿ ಓದಿದವನು. ಎಂಟು ತಿಂಗಳ ಕಥೆಯನ್ನು ಪೂರ್ತಿ ಕೇಳಿದ. ಕಾಫಿ ತರಿಸಿದ. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ಕೇಳಿದ.

‘ಇದನ್ನ ಮೊದಲನೇ ದಿನ ಯಾಕೆ ಕೇಳ್ಲಿಲ್ಲ ನೀನು?’

2022ರ ಆಗಸ್ಟಿನಲ್ಲಿ ಬಂದ ನಿಯಮವಂತೆ. ಇಲ್ಲಿ ವಾಸವಾಗಿರುವವರು ಹೊರದೇಶದಲ್ಲಿ ಯಾವ ಕಂಪನಿಗೆ ಬಂಡವಾಳ ಹಾಕಬಾರದು ಅಂತ ಅದರಲ್ಲಿ ಒಂದು ಪಟ್ಟಿ ಇದೆ. ಮೊದಲನೆಯದೇ ರಿಯಲ್ ಎಸ್ಟೇಟ್, ಅಂದರೆ ಆಸ್ತಿ ಕೊಂಡು ಮಾರುವ ಕಂಪನಿ. ಎರಡನೆಯದು ಜೂಜು. ಕಟ್ಟಡ ಕಟ್ಟಿ ಮಾರುವುದಕ್ಕೋ ಬಾಡಿಗೆಗೆ ಕೊಡುವುದಕ್ಕೋ ಅಡ್ಡಿಯಿಲ್ಲ. ನೀನೇನು ದುಬೈನಲ್ಲಿ ಸಿಮೆಂಟ್ ಕಲಸ್ತೀಯಾ ಅಂತ ಕೇಳಿದ. ಒಂದು ಸ್ಟುಡಿಯೊಗೋಸ್ಕರ ಆ ಗೆರೆಯ ಹತ್ತಿರ ಹೋಗಿ ನಿಲ್ಲೋದು ಬೇಡವೇ ಬೇಡ ಅಂದ.

‘ನಿನ್ನ ಹೆಸರಲ್ಲೇ ತಗೊ, ಅದಕ್ಕೆ ಅವಕಾಶ ಇದೆ’ ಅಂದು ಹಾಳೆಯ ಮೇಲೆ ಗೀಚತೊಡಗಿದ. ವರ್ಷಕ್ಕೆ 10 ಲಕ್ಷ ದಾಟಿ ಕಳಿಸಿದ್ದಕ್ಕೆಲ್ಲಾ ಬ್ಯಾಂಕಿನವರು 20 ಪರ್ಸೆಂಟ್ ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡೀತಾರೆ, ರಿಟರ್ನ್ ಹಾಕಿದ ಮೇಲೆ ಲೆಕ್ಕಕ್ಕೆ ಬರುತ್ತೆ, ಅಲ್ಲಿವರೆಗೆ ಕಾಯ್ಬೇಕು. ದುಬೈನಲ್ಲಿ ನೋಂದಣಿಗೆ 4 ಪರ್ಸೆಂಟ್. ಅಲ್ಲಿ ಬಾಡಿಗೆಗೆ ತೆರಿಗೆ ಇಲ್ಲ, ನಿಜ. ಆದರೆ ನೀನಿರೋದು ಇಲ್ಲಿ, ಇಲ್ಲಿ ಕಟ್ಟಬೇಕು. ಪ್ರತಿ ವರ್ಷ ರಿಟರ್ನ್‌ನಲ್ಲಿ ಆ ಮನೆಯನ್ನ ತೋರಿಸ್ಬೇಕು. ಮರೆತರೆ 10 ಲಕ್ಷ ದಂಡ ಬೀಳಬಹುದು.

‘ನಿನ್ನ ಮರೆವು ನನಗೆ ಗೊತ್ತು’ ಅಂತ ಹಾಳೆಯನ್ನು ನನ್ನ ಕಡೆ ತಳ್ಳಿದ.

ಮನೆಗೆ ಬಂದು ಹೇಳಿದೆ. ರಿಯಲ್ ಎಸ್ಟೇಟೂ ಜೂಜೂ ಒಂದೇ ಪಟ್ಟಿಯಲ್ಲಿವೆ ಅಂದಾಗ ಹೆಂಡತಿ, ‘ಸರ್ಕಾರಕ್ಕೆ ಗೊತ್ತಿದೆ, ನಮ್ಮ ತಮ್ಮನಿಗೆ ಗೊತ್ತಿಲ್ಲ’ ಅಂದಳು. ತಮ್ಮನ ತಪ್ಪನ್ನು ಆಕೆ ಬಾಯಿಬಿಟ್ಟು ಒಪ್ಪಿದ್ದು ಮದುವೆಯಾದ ಮೇಲೆ ಅದೇ ಮೊದಲು. ಖರ್ಚಾದ ದುಡ್ಡು ಅಲ್ಲಿಗೆ ವಸೂಲಾಯಿತು. ಏಜೆಂಟರು ಪಾಪ, ಬೇಜಾರು ಮಾಡಿಕೊಳ್ಳಲಿಲ್ಲ. ‘ಇರಲಿ ಸಾರ್, ಊರಿಗೆ ಬಂದಾಗ ಸಿಗುವ’ ಅಂದರು. ದುಡ್ಡು ಎಫ್‌ಡಿಗೆ ಹೋಯಿತು. ನಾಮಿನಿ ಕಾಲಂ ತುಂಬುವಾಗ ಯಾರೂ ನನ್ನ ಕೈಗೆ ಪೆನ್ನು ಇಡಬೇಕಾಗಲಿಲ್ಲ.

ಆದರೆ ಎಂಟು ತಿಂಗಳಲ್ಲಿ ಒಂದು ಕೆಲಸ ಆಗಿತ್ತು. ವಿಳಾಸದ ತಕರಾರು ಎದ್ದಾಗಲೇ ಅಪ್ಪನ ಡೆತ್ ಸರ್ಟಿಫಿಕೇಟು, ಮನೆಯ ಖಾತಾ, ಛಾಪಾ ಕಾಗದದ ಮೇಲೊಂದು ಬಾಂಡು ಎಲ್ಲಾ ಕೊಟ್ಟು ಕರೆಂಟ್ ಕನೆಕ್ಷನ್ ಹೆಸರು ಬದಲಾಯಿಸಲು ಅರ್ಜಿ ಹಾಕಿದ್ದೆ. ಜೊತೆಗೆ ಪಾಸ್‌ಪೋರ್ಟ್ ಜೆರಾಕ್ಸ್ ಕೊಟ್ಟಿದ್ದೆ, ಹೆಸರು ಎರಡೂ ಕಡೆ ಒಂದೇ ತರಹ ಇರಲಿ ಅಂತ. ಅದನ್ನು ನಾನೇ ಮರೆತುಬಿಟ್ಟಿದ್ದೆ.

ಮೊನ್ನೆ ಮೀಟರ್ ಓದುವ ಹುಡುಗ ಬಂದ. ಮಿಷನ್ನಿನಿಂದ ಕರ್ ಅಂತ ಬಿಲ್ ಹರಿದು, ಹೆಸರು ನೋಡಿ ಅನುಮಾನದಿಂದ ಗೇಟಿನಿಂದಲೇ ಕೂಗಿದ.

‘ಮೇಡಂ, ಇದು ಅರಕಲಗೂಡು ಅವರ ಮನೇನಾ?’

ಜಗುಲಿಯಲ್ಲಿ ಹೂ ಕಟ್ಟುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ.

‘ಅರಕಲಗೂಡು ಬಿಟ್ಟು ನಲವತ್ತು ವರ್ಷ ಆಯ್ತಪ್ಪಾ. ಜಮೀನೂ ಮಾರಿದ್ವಿ. ಬಿಲ್ ಅಲ್ಲೇ ಗೇಟಿಗೆ ಸಿಕ್ಸಿ ಹೋಗು.’