ನಮ್ಮ ಮೊಳಕಾಲ್ಮೂರಲ್ಲಿ ಏನಿದೆ ಅಂದರೆ

ನಿನ್ನೆ ಮದುವೆ ಊಟಕ್ಕೆ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು "ಯಾವೂರಮ್ಮ?" ಅಂದರು. ಮೊಳಕಾಲ್ಮೂರು ಅಂದೆ. "ಓ, ಹಿಂದುಳಿದ ತಾಲ್ಲೂಕು. ಅಲ್ಲೇನಿದೆ, ಬರೀ ಕಲ್ಲು, ಬಿಸಿಲು." ಅವರ ಆಚೆ ಕೂತಿದ್ದ ಅವರ ಮನೆಯವರು ಉಟ್ಟಿದ್ದು ನಮ್ಮೂರ ರೇಷ್ಮೆ ಸೀರೆ. ಬಾಯಲ್ಲಿದ್ದ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಕಲ್ಲಿದೆ, ಹೌದು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಒಂದೇ ತಾಲ್ಲೂಕಿನ ಮೂರು ಕಡೆ ಆ ಕಲ್ಲಿನ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಅವನ್ನು ಪತ್ತೆ ಮಾಡಿದರು. ಮೌರ್ಯರ ದಕ್ಷಿಣದ ರಾಜಧಾನಿ ಸುವರ್ಣಗಿರಿಯಿಂದ, ಇಲ್ಲಿದ್ದ ಇಸಿಲ ಎಂಬ ಪಟ್ಟಣದ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಬಂದ ಆಜ್ಞೆ ಅದು: ತಂದೆತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ದಯೆಯಿರಲಿ, ಸತ್ಯ ನುಡಿಯಿರಿ. ಬರೆದವನು ಚಪಡ. ಉಳಿದದ್ದೆಲ್ಲ ಬ್ರಾಹ್ಮಿ ಲಿಪಿಯಲ್ಲಿ ಬರೆದು, ತಾನು ಲಿಪಿಕಾರ ಅನ್ನೋದನ್ನು ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿಬಿಟ್ಟಿದ್ದಾನೆ. ಎಲ್ಲಿಂದ ಬಂದಿದ್ದನೋ ಪುಣ್ಯಾತ್ಮ! ಇಂಥ ನೆಲ ಯಾರಿಗಿಂತ ಹಿಂದೆ ಉಳಿಯಿತು?

ಮಳೆ ಕಡಿಮೆ, ಹುಡುಗರು ಬೆಂಗಳೂರಿಗೆ ಗುಳೆ ಹೋಗ್ತಾರೆ ಅಂತೀರಿ. ನಿಜ. ಶೇಂಗಾ ಬಿತ್ತಿ ಮುಗಿಲು ನೋಡುತ್ತಾ ಕೂರುವ ವರ್ಷಗಳನ್ನು ನಾನೂ ಕಂಡಿದ್ದೇನೆ. ಆದರೆ ಮೋಡ ಕೈಕೊಟ್ಟರೆ ಜನ ಹಿಂದುಳಿದವರಾಗ್ತಾರಾ? ದನ ಸಾಕುವ ಮ್ಯಾಸಬೇಡರ ಹಟ್ಟಿಗೆ ಹೋಗಿ ದೇವರ ಎತ್ತುಗಳನ್ನು ನೋಡಿ. ಅವನ್ನು ಉಳುಮೆಗೆ ಕಟ್ಟಲ್ಲ. ಎಂಥ ಬರದಲ್ಲೂ ಅವಕ್ಕೆ ಮೇವು ಹುಡುಕಿಕೊಂಡು ಅಲೆಯುವ ಕಿಲಾರಿಗಳನ್ನು, ಅಂದರೆ ಅವನ್ನು ಕಾಯುವವರನ್ನು, ಮಾತಾಡಿಸಿ, ಕನ್ನಡದಲ್ಲೋ ತೆಲುಗಲ್ಲೋ. ಆಂಧ್ರದ ರಾಯದುರ್ಗ ಪಕ್ಕದಲ್ಲೇ ಇರೋದರಿಂದ ನಮಗೆ ಎರಡೂ ಮನೆಮಾತೇ.

ಒಂದು ಮಾತು ಹೇಳಿಕೊಳ್ಳಬೇಕು. ಕಾಲೇಜಿನಲ್ಲಿ ಊರು ಕೇಳಿದರೆ ಜಿಲ್ಲೆಯ ಹೆಸರು ಹೇಳಿ, "ಚಿತ್ರದುರ್ಗ" ಅಂತ ಸುಮ್ಮನಾಗ್ತಿದ್ದೆ. ಕೋಟೆ ಎಲ್ಲರಿಗೂ ಗೊತ್ತು, ಮುಂದೆ ಪ್ರಶ್ನೆ ಬರ್ತಿರಲಿಲ್ಲ. ಅಪ್ಪ ಗುಣಿಮಗ್ಗದಲ್ಲಿ, ಅಂದರೆ ನೆಲದ ಗುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕೈಮಗ್ಗದಲ್ಲಿ, ಕೂತು ನೇಯ್ದ ದುಡ್ಡಲ್ಲೇ ಓದುತ್ತಾ ಅಪ್ಪನ ಊರನ್ನು ಬಚ್ಚಿಟ್ಟಿದ್ದೆ. ಈಗ ನೆನೆದರೆ ಹೊಟ್ಟೆ ಕಿವುಚುತ್ತೆ.

ನಮ್ಮೂರ ಸೀರೆ ನೇಯೋಕೆ ಮೂರು ಲಾಳಿ. ಎರಡು ಅಂಚಿಗೆ ಎರಡು, ಒಡಲಿಗೆ ಒಂದು. ಆಚೆ ಅಂಚಿನ ಲಾಳಿ ಎಸೆಯೋಕೆ ಚಿಕ್ಕವಳಿದ್ದಾಗ ನಾನೇ ಕೂರುತ್ತಿದ್ದೆ. ಪ್ರತಿ ಎಳೆಗೂ ಅಂಚಿನ ನೂಲು ಒಡಲಿನ ನೂಲಿಗೆ ಕೊಂಡಿ ಹಾಕಿಕೊಳ್ಳಬೇಕು. ಒಂದು ತಪ್ಪಿದರೂ ಅಪ್ಪ ಬಿಚ್ಚಿಸುತ್ತಿದ್ದರು.

ಊಟ ಆದಮೇಲೆ ಆ ಅಮ್ಮನ ಹತ್ತಿರ ಹೋಗಿ, ಸೆರಗಿನ ಒಳಮಗ್ಗುಲು ತಿರುವಿ ಆ ಕೊಂಡಿ ತೋರಿಸಿದೆ. ಅವರು ಹೆಬ್ಬೆರಳಲ್ಲಿ ಸವರಿ ನೋಡಿ, "ರೀ, ಸ್ವಲ್ಪ ಇಲ್ಲಿ ಬನ್ನಿ" ಅಂತ ಯಜಮಾನರನ್ನು ಕರೆದರು.